ದೋಣಿಯ ಹಿಂದೆ ಒಂದು ತೊಟ್ಟಿ

ಭಾನುವಾರ, 10 ನವೆಂಬರ್ 2024

ದೋಣಿಗೆ ನುಗ್ಗುವ ನೀರು ಹಿಡಿಯಲು ಹಿಂಭಾಗದಲ್ಲಿ ಒಂದು ತೊಟ್ಟಿ ಕಟ್ಟುತ್ತಿದ್ದೇವೆ. ಅದರ ಮುಂದಿನ ಗೋಡೆಗೆ ಹಚ್ಚಿದ್ದ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿ ಹಚ್ಚುವ ಅಂಟು, ಬೆಳಗಾಗುವಷ್ಟರಲ್ಲಿ ಕಲ್ಲಾಗಿತ್ತು. ಉಗುರಲ್ಲಿ ಗೀಚಿದರೂ ಗುರುತು ಬೀಳಲಿಲ್ಲ. ಆದರೆ ಮೇಲೆ ತೆಳ್ಳಗೆ ಜಿಡ್ಡು ಕೂತಿತ್ತು. ಕೆಲವು ಎಪಾಕ್ಸಿಗಳು ಗಟ್ಟಿಯಾಗುವಾಗ ಹೀಗೆ ಜಿಡ್ಡು ಬಿಡುತ್ತವೆ. ಮೊದಲು ನೀರು ಹಾಕಿ ತಿಕ್ಕಿ ತೊಳೆಯಬೇಕು, ಸ್ಯಾಂಡ್ ಪೇಪರ್ ಆಮೇಲೆ. ತೊಳೆಯದೆ ಉಜ್ಜಿದರೆ ಜಿಡ್ಡು ಎಲ್ಲಾ ಕಡೆ ಹರಡುತ್ತದೆ, ಮುಂದಿನ ಕೋಟ್ ಸರಿಯಾಗಿ ಹಿಡಿಯುವುದಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ನಮ್ಮ ಚಿಕ್ಕ ಫೈಬರ್ ದೋಣಿಗೆ ಹಿಂದಿನಿಂದ ನೀರು ನುಗ್ಗುತ್ತಿತ್ತು. ಹಳೇ ಟು-ಸ್ಟ್ರೋಕ್ ಇಂಜಿನ್ ಹೋಗಿ ಫೋರ್-ಸ್ಟ್ರೋಕ್ ಬಂದ ಮೇಲೆ ಇನ್ನೂ ಜಾಸ್ತಿ. ಅದೇ ಪವರ್‌ನ ಫೋರ್-ಸ್ಟ್ರೋಕ್ ಸಾಮಾನ್ಯವಾಗಿ ಭಾರ ಜಾಸ್ತಿ, ಹಾಗಾಗಿ ದೋಣಿಯ ಹಿಂಭಾಗ ತಗ್ಗುತ್ತದೆ. ಟ್ರಾನ್ಸಮ್ಮಿನಲ್ಲಿ, ಅಂದರೆ ಇಂಜಿನ್ ಕೂರುವ ಹಿಂದಿನ ಗೋಡೆಯಲ್ಲಿ, ನಡುವೆ ಇಂಜಿನ್ ಕೂರಿಸಲು ತಗ್ಗಾಗಿ ಕತ್ತರಿಸಿದ ಒಂದು ಕಚ್ಚು ಇರುತ್ತದಲ್ವಾ, ಅದು ನೀರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಜೋರಾಗಿ ಹೋಗುತ್ತಿದ್ದು ಥ್ರಾಟಲ್ ಫಟ್ಟಂತ ಬಿಟ್ಟರೆ ದೋಣಿ ನಿಧಾನವಾಗುತ್ತದೆ, ಆದರೆ ಅದು ಎಬ್ಬಿಸಿದ ಅಲೆ ನಿಧಾನವಾಗುವುದಿಲ್ಲ. ಹಿಂದಿನಿಂದ ಬಂದು ಆ ಕಚ್ಚಿನ ಮೇಲಿಂದ ಒಳಗೆ ಸುರಿಯುತ್ತದೆ. ರಿವರ್ಸ್ ಹೋದರೂ ಇದೇ ಕಥೆ.

ಭಾವನ ಸಲಹೆ ಸರಳವಾಗಿತ್ತು. "ಸುಮ್ನೆ ಕಚ್ಚಿನ ಮೇಲೆ ಇನ್ನೊಂದು ಹಲಗೆ ಕೂರಿಸಿಬಿಡೋ, ಮುಗೀತು."

"ಹಲಗೆ ಏನೋ ಕೂರಿಸಬಹುದು ಭಾವ, ಇಂಜಿನ್ನೂ ಅದರ ಜತೆ ಮೇಲೆ ಹೋಗುತ್ತಲ್ಲ?"

ನಮ್ಮದು ಶಾರ್ಟ್ ಶಾಫ್ಟ್ ಇಂಜಿನ್, ಅಂದರೆ ನೀರಿಗಿಳಿಯುವ ಕಾಲು ಗಿಡ್ಡ. ಅದಕ್ಕೆ ಬೇಕಾದ ಟ್ರಾನ್ಸಮ್ ಎತ್ತರ ಸುಮಾರು 15 ಇಂಚು. ಲಾಂಗ್ ಶಾಫ್ಟ್ ಆಗಿದ್ದರೆ 20. ಪ್ರೊಪೆಲ್ಲರ್ ಮೇಲೆ ಒಂದು ಚಪ್ಪಟೆ ತಟ್ಟೆ ಇರುತ್ತದೆ, ಕ್ಯಾವಿಟೇಷನ್ ಪ್ಲೇಟ್ ಅಂತಾರೆ. ಅದು ಹೆಚ್ಚುಕಮ್ಮಿ ದೋಣಿಯ ತಳದ ಮಟ್ಟದಲ್ಲಿ, ಇಲ್ಲವೇ ಒಂದಿಂಚು ಕೆಳಗೆ ಇರಬೇಕು. ಇಂಜಿನ್ ಐದಿಂಚು ಮೇಲೆ ಹೋದರೆ ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದುಕೊಂಡು ಸುಮ್ನೆ ಗಿರಗಿರ ತಿರುಗುತ್ತದೆ, ದೋಣಿ ಮುಂದೆ ಹೋಗಲ್ಲ. ಲಾಂಗ್ ಶಾಫ್ಟ್ ಇಂಜಿನ್ ಕೊಳ್ಳುವವರು ಕಚ್ಚನ್ನು ಎತ್ತರಿಸಲಿ, ಅದೇ ಒಳ್ಳೆಯ ದಾರಿ. ಇಂಜಿನ್ ಬದಲಿಸದವರಿಗೆ ತೊಟ್ಟಿಯೇ ಗತಿ. ಕಚ್ಚಿನ ಒಳಬದಿಗೆ ಇನ್ನೊಂದು ಗೋಡೆ, ಅದು ದೋಣಿಯ ಅಂಚಿನಷ್ಟು ಎತ್ತರ. ನಡುವೆ ಇಳಿಜಾರಾದ ಒಂದು ತಳ, ತಗ್ಗಿನಲ್ಲಿ ಹೊರಗೆ ಹೋಗುವ ತೂಬು. ನೀರು ಕಚ್ಚು ದಾಟಿ ಬರಲಿ, ತೊಟ್ಟಿಗೆ ಬಿದ್ದು ವಾಪಸ್ ಹೋಗಲಿ.

ಅಳತೆಯ ಬಗ್ಗೆ ಒಂದು ಮಾತು. ತೊಟ್ಟಿ ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ಅನ್ನಿಸುತ್ತದೆ, ಹಾಗಲ್ಲ. ನಮ್ಮದು 80 ಸೆಂ.ಮೀ. ಅಗಲ, 35 ಸೆಂ.ಮೀ. ಉದ್ದ, ಕಚ್ಚಿನಿಂದ ತಳಕ್ಕೆ 18 ಸೆಂ.ಮೀ. ಆಳ. ತುಂಬಿದರೆ ಸುಮಾರು 50 ಲೀಟರ್, ಅಂದರೆ 50 ಕೆಜಿ. ಮೊದಲೇ ತಗ್ಗಿದ ಹಿಂಭಾಗಕ್ಕೆ ಇನ್ನೊಬ್ಬ ಮನುಷ್ಯ ಬಂದು ಕೂತ ಹಾಗೆ. ಅದಕ್ಕೇ ತಳ ಆದಷ್ಟು ಮೇಲಿರಬೇಕು. ಆದರೆ ಇಂಜಿನ್ ಬಿಗಿಯುವ ಕ್ಲ್ಯಾಂಪಿನ ಹಿಡಿಗಳು ತಿರುಗಲು ಜಾಗ ಬೇಕು, ಇಂಜಿನ್ ಎತ್ತಿದಾಗ ಅದರ ತಲೆ ಮುಂದಕ್ಕೆ ವಾಲಲು ಜಾಗ ಬೇಕು. ಪ್ಲೈವುಡ್ ಕತ್ತರಿಸುವ ಮೊದಲು ರಟ್ಟಿನಲ್ಲಿ ಮಾಡಿ ನೋಡಿದ್ದು ಇದಕ್ಕೇ. ಇಂಜಿನ್ ಪೂರ್ತಿ ಎತ್ತಿ, ಎಡಕ್ಕೂ ಬಲಕ್ಕೂ ತಿರುಗಿಸಿ, ಎಲ್ಲಿ ರಟ್ಟು ಮಡಚಿತೋ ಅಲ್ಲಿ ಪೆನ್ಸಿಲ್ ಗುರುತು.

ಇವತ್ತಿನ ಮುಖ್ಯ ಕೆಲಸ ತೂಬು ಕೊರೆಯುವುದು. ಟ್ರಾನ್ಸಮ್ ಅಂದರೆ ಹೊರಗೆ ಫೈಬರ್, ಒಳಗೆ ಪ್ಲೈವುಡ್. ತೂತು ಮಾಡಿದ ಕಡೆಯಿಂದಲೇ ನೀರು ಮರಕ್ಕೆ ಇಳಿದು ಕೊಳೆಯಲು ಶುರುವಾಗುವುದು. ಬಲಗಡೆ ಡ್ರಿಲ್ ಹಿಡಿದಾಗ ಬಂದ ಹೊಟ್ಟು ಒಣಗಿತ್ತು, ತಿಳಿ ಬಣ್ಣ. ಎಡಗಡೆ ಹಳೇ ಏಣಿಯ ಬೋಲ್ಟ್ ಇದ್ದ ಜಾಗದ ಪಕ್ಕದಲ್ಲೇ ಕೊರೆದಾಗ ಹೊಟ್ಟು ಪುಡಿಯಾಗಿ ಉದುರಲೇ ಇಲ್ಲ. ಕಾಫಿಪುಡಿ ಬಣ್ಣದ ಒದ್ದೆ ಮುದ್ದೆ ಡ್ರಿಲ್ ಬಿಟ್‌ಗೆ ಅಂಟಿಕೊಂಡು ಬಂತು, ಹುಳಿ ವಾಸನೆ ಬೇರೆ. ಭಾವ ಸುತ್ತಿಗೆಯ ಹಿಡಿಯಿಂದ ಸುತ್ತಲೂ ತಟ್ಟುತ್ತಾ ಹೋದರು. ಅಂಗೈಯಷ್ಟು ಜಾಗದಲ್ಲಿ ಮಾತ್ರ ಬೊದ್ದು ಸದ್ದು, ಅದರಾಚೆ ಟಣ್ ಟಣ್. ಪೂರ್ತಿ ಕೊಳೆತಿದ್ದರೆ ತೊಟ್ಟಿಯ ಮಾತೇ ಬೇಡ, ಟ್ರಾನ್ಸಮ್ಮನ್ನೇ ಬಿಚ್ಚಬೇಕಿತ್ತು. ಒಳಗಿನಿಂದ ಆ ಜಾಗದ ಫೈಬರ್ ಕತ್ತರಿಸಿ ತೆಗೆದು, ಮೆತ್ತಗಾದ ಮರವನ್ನು ಉಳಿಯಿಂದ ಕೆತ್ತಿದೆವು, ಗಟ್ಟಿ ಮರ ಸಿಗುವವರೆಗೆ. ಈಗ ಫ್ಯಾನ್ ಇಟ್ಟಿದ್ದೇವೆ. ಒಣಗಲು ಎಷ್ಟು ದಿನ ಬೇಕೋ ಅಷ್ಟು ದಿನ. ಒದ್ದೆ ಮರದ ಮೇಲೆ ಎಪಾಕ್ಸಿ ಹಾಕಿದರೆ ಕೊಳೆತವನ್ನು ಡಬ್ಬಿಯಲ್ಲಿ ಮುಚ್ಚಿಟ್ಟ ಲೆಕ್ಕ.

ಬಲಗಡೆಯದನ್ನು ಮುಗಿಸಿದೆ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಅದಕ್ಕೆ ತುಂಬಿದ್ದೇನೆ. ಗಟ್ಟಿಯಾದ ಮೇಲೆ ಅದರ ನಡುವೆಯೇ ಪೈಪಿನ ಅಳತೆಗೆ ಮತ್ತೆ ಕೊರೆಯುವುದು. ಆಗ ಪೈಪಿನ ಸುತ್ತ ಇರುವುದು ಎಪಾಕ್ಸಿ ಮಾತ್ರ, ಮರ ಎಲ್ಲೂ ಬಯಲಾಗುವುದಿಲ್ಲ. ಒಂದೇ ಸಲ ಡಬ್ಬಿ ತುಂಬಾ ಕಲಸಬೇಡಿ. ದಪ್ಪಗೆ ಇದ್ದಷ್ಟೂ ಬಿಸಿಯೇರಿ ಬೇಗ ಕಟ್ಟಿಕೊಳ್ಳುತ್ತದೆ, ಕೆಲವೊಮ್ಮೆ ಹೊಗೆ ಬರುವಷ್ಟು. ಹಂತಹಂತವಾಗಿ ತುಂಬುವುದೇ ವಾಸಿ.

ತೂಬು ಎಷ್ಟು ಎತ್ತರದಲ್ಲಿ ಇರಬೇಕು ಅಂತ ದೋಣಿ ಗಾಡಿಯ ಮೇಲಿದ್ದಾಗ ಲೆಕ್ಕ ಹಾಕುವುದು ದಂಡ. ಕೆಲಸ ಶುರು ಮಾಡುವ ಮೊದಲೇ ನೀರಿಗಿಳಿಸಿ, ಪೆಟ್ರೋಲ್ ತುಂಬಿಸಿ, ಎಲ್ಲರೂ ಅವರವರ ಜಾಗದಲ್ಲಿ ಕೂತು, ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿದ್ದೆವು. ತೂಬು ಆ ಟೇಪಿಗಿಂತ ಮೇಲೆಯೇ ಇರಬೇಕು. ಕೆಳಗಾದರೆ ನೀರು ಹೋಗುವ ದಾರಿ ಬರುವ ದಾರಿಯಾಗುತ್ತದೆ. ಹೊರಗಡೆ ಒಂದು ರಬ್ಬರ್ ಮುಚ್ಚಳ ಹಾಕಿದರೆ ಅಲೆ ಬಡಿದಾಗ ತಾನೇ ಮುಚ್ಚಿಕೊಳ್ಳುತ್ತದೆ.

ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಮುಂದಕ್ಕೆ ಸರಿಸಿದ್ದಾಗಿದೆ. ನಿಜ ಹೇಳಬೇಕಂದರೆ ಅರ್ಧ ಲಾಭ ಅದರಿಂದಲೇ, ಖರ್ಚೂ ಇಲ್ಲ. ಮರ ಮುಟ್ಟುವ ಮೊದಲು ಯಾರೇ ಆದರೂ ಅದನ್ನು ಮಾಡಿ ನೋಡಬೇಕು. ಇನ್ನೊಂದು, ತೊಟ್ಟಿ ಬಂತು ಅಂತ ಹಿಂದಿನಿಂದ ಲಂಗರು ಕಟ್ಟುವ ಹಾಗಿಲ್ಲ. ಹಗ್ಗ ಹಿಂಭಾಗವನ್ನು ಕೆಳಗೆಳೆದಾಗ ಅಲೆ ಮೇಲೆ ಅಲೆ ಬಂದರೆ ಯಾವ ತೂಬೂ ಸಾಲದು.

ಪೆಟ್ರೋಲ್ ಪೈಪಿಗೆ ಹೊಸ ಗೋಡೆಯಲ್ಲಿ ತೂತು ಬೇಕು ಅಂತ ಭಾವ ಗುರುತು ಹಾಕಿಟ್ಟಿದ್ದರು. ಅಳಿಸಿಬಿಟ್ಟೆ. ಪೈಪು ಗೋಡೆಯ ಮೇಲಿಂದಲೇ ಹಾಯ್ದು ಬರುತ್ತದೆ, ಉದ್ದ ಸಾಕಷ್ಟಿದೆ.