ಸೇತುವೆ ದಾಟಿದರೆ ಉಳ್ಳಾಲ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ 44ರ ಸಾಲಿನ ಸಿಟಿ ಬಸ್ ಹತ್ತಿ ಬಲಬದಿಯ ಕಿಟಕಿ ಹಿಡಿಯಿರಿ. ನೇತ್ರಾವತಿ ಸೇತುವೆಯ ಮೇಲೆ ಅಳಿವೆಯತ್ತ ಹಿಗ್ಗುವ ನದಿ ಆ ಕಡೆಯೇ ಕಾಣುತ್ತದೆ. ಮಹಾನಗರ ಪಾಲಿಕೆಯ ಆಡಳಿತ ಈ ಹೊಳೆಯ ದಂಡೆಗೇ ಮುಗಿಯಿತು. ತೊಕ್ಕೊಟ್ಟಿನಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಉಳ್ಳಾಲ.

ಇದನ್ನು ಮಂಗಳೂರಿನ ಹೊರವಲಯ ಎನ್ನುವುದು ರೂಢಿ. ಆದರೆ ಇದು ಒಂದು ಕಾಲದ ರಾಜಧಾನಿ. ಇಲ್ಲಿಂದ ಆಳಿದ ಪುತ್ತಿಗೆಯ ಚೌಟರು ಜೈನ ಅರಸರು, ಹೆಣ್ಣಿನ ಕಡೆಯಿಂದ ಹಕ್ಕು ಸಾಗುವ ಅಳಿಯಕಟ್ಟಿನವರು. ಹಾಗಾಗಿ ಹೆಣ್ಣು ಪಟ್ಟಕ್ಕೆ ಬರುವುದು ಇಲ್ಲಿ ಹೊಸತೇನಲ್ಲ. 1555ರಲ್ಲಿ ಪೋರ್ಚುಗೀಸರು ಕಪ್ಪಕ್ಕಾಗಿ ಮೇಲೆ ಬಿದ್ದಾಗ ಎದುರು ನಿಂತವಳು ರಾಣಿ ಅಬ್ಬಕ್ಕ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮಾಣೆಲಿನಲ್ಲಿ ಕಂಡದ್ದೂ ಉಳ್ಳಾಲದ ರಾಣಿಯನ್ನೇ: ಬರಿಗಾಲು, ಮೈಮೇಲೆ ಸಾದಾ ಹತ್ತಿ ಬಟ್ಟೆ, ತಲೆಯ ಮೇಲೆ ತಾಳೆಗರಿಯ ಕೊಡೆ. ನೀರಿಗಾಗಿ ತೋಡುತ್ತಿದ್ದ ಕಾಲುವೆಯ ಕೆಲಸ ನೋಡಲು ಆಕೆ ಹೊರಟಿದ್ದಳು. ಎರಡು ಇಸವಿಗಳ ನಡುವೆ 68 ವರ್ಷಗಳ ಅಂತರವಿದೆ. ಎಲ್ಲವನ್ನೂ ಒಬ್ಬಳೇ ಅಬ್ಬಕ್ಕನ ತಲೆಗೆ ಕಟ್ಟಬಾರದು. ಕತ್ತಿ ಹಿಡಿದ ಪ್ರತಿಮೆಯಷ್ಟೇ ನೋಡಿ ಮರಳುವವರಿಗೆ ಆ ಕಾಲುವೆಯ ಸಂಗತಿಯನ್ನೂ ಹೇಳಬೇಕು, ರಾಜ್ಯಭಾರವೆಂದರೆ ಅದೂ ಹೌದು.

ಈಗಿನ ಆಡಳಿತ ತುಸು ಗೋಜಲು. ಉಳ್ಳಾಲಕ್ಕೆ ಸ್ವಂತ ನಗರಸಭೆ ಇದೆ, ಈಚೆಗೆ ತಾಲೂಕಿನ ಸ್ಥಾನವೂ ಬಂದಿದೆ. ಪೊಲೀಸ್ ಠಾಣೆ ಮಾತ್ರ ಮಂಗಳೂರು ನಗರ ಕಮಿಷನರೇಟಿಗೆ ಸೇರಿದ್ದು. ಪಕ್ಕದ ಸೋಮೇಶ್ವರ, ಕೋಟೆಕಾರುಗಳಿಗೆ ಬೇರೆ ಸ್ಥಳೀಯ ಸಂಸ್ಥೆಗಳು. ವಿಶ್ವವಿದ್ಯಾನಿಲಯವಿರುವ ಕೊಣಾಜೆಗೆ ಗ್ರಾಮ ಪಂಚಾಯಿತಿ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗಡಿ ಕಣ್ಣಿಗೆ ಕಾಣುವುದಿಲ್ಲ. ಮನೆಯ ಖಾತೆ, ತೆರಿಗೆಯ ಕೆಲಸಕ್ಕೆ ಹೊರಡುವ ಮೊದಲು ಹಳೆಯ ರಶೀದಿಯಲ್ಲಿ ಯಾವ ಸಂಸ್ಥೆಯ ಹೆಸರಿದೆ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಒಂದು ದಿನ ವ್ಯರ್ಥ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ 'ಉಳ್ಳಾಲ' ವಿಧಾನಸಭಾ ಕ್ಷೇತ್ರ 'ಮಂಗಳೂರು' ಆಯಿತು. ಮಂಗಳೂರು ಪೇಟೆಯ ಮತದಾರರಿರುವುದು ನಗರ ಉತ್ತರ, ನಗರ ದಕ್ಷಿಣಗಳಲ್ಲಿ! ಇಷ್ಟು ಹಳೆಯ ಹೆಸರನ್ನು ಅಳಿಸಿದ್ದು ಸರಿಯಲ್ಲ.

ಸಯ್ಯದ್ ಮದನಿ ದರ್ಗಾ ನೋಡಿಯೇ ಮುಂದೆ ಹೋಗಬೇಕು. ಐದು ವರ್ಷಕ್ಕೊಮ್ಮೆ ಇಲ್ಲಿ ಉರೂಸ್ ನಡೆಯುತ್ತದೆ. ಆ ದಿನಗಳಲ್ಲಿ ಸ್ವಂತ ವಾಹನ ತರದಿರುವುದೇ ಒಳ್ಳೆಯದು.

ಕಡಲ ಬದಿಗೆ ಬಂದರೆ ಸಾಲು ಕಲ್ಲುಗಳು. ಮಳೆಗಾಲದ ಅಲೆ ಕಲ್ಲನ್ನು ನೇರವಾಗಿ ಉರುಳಿಸುವುದಕ್ಕಿಂತ ಅಡಿಯ ಹೊಯಿಗೆಯನ್ನು ಕೊರೆದು ಎಳೆಯುತ್ತದೆ. ಬುಡ ಸಡಿಲವಾದ ಕಲ್ಲು ತಾನಾಗಿ ಕುಸಿಯುತ್ತದೆ, ಹಿಂದಿನ ತೆಂಗಿನ ಬುಡ ಬಯಲಾಗುತ್ತದೆ. ಅದಕ್ಕೇ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಅಲೆಯ ಬಲವನ್ನು ನೀರಿನಲ್ಲೇ ಮುರಿಯುವ ರೀಫ್‌ಗಳನ್ನು ಕಟ್ಟಿದರು. ದಡಕ್ಕೆ ಕಲ್ಲು ಸುರಿದಷ್ಟಕ್ಕೇ ಕಡಲ್ಕೊರೆತ ನಿಲ್ಲುವುದಿಲ್ಲ.

ದಕ್ಷಿಣಕ್ಕೆ ಸೋಮೇಶ್ವರ ದೇವಸ್ಥಾನ, ಅದರ ಬಳಿಯ ರುದ್ರಪಾದೆ. ಬಂಡೆಯ ಮೇಲೆ ಪಾಚಿ ಹಿಡಿದ ಕಪ್ಪು ಭಾಗಕ್ಕೆ ಕಾಲಿಡಬೇಡಿ. ದೊಡ್ಡ ಅಲೆ ಹೇಳಿ ಬರುವುದಿಲ್ಲ, ಜಾರಿದವರನ್ನು ಅದು ಹಿಂದಕ್ಕೆ ಸರಿಯುವಾಗ ಎಳೆದುಕೊಂಡೇ ಹೋಗುತ್ತದೆ.