ಕನ್ನಡಕ ಮರೆತು ಹೋದ ಪಂಚವಟಿ

2025 ಫೆಬ್ರವರಿ 9, ಆದಿತ್ಯವಾರ
ನೀರ್ಚಾಲು

ನಿನ್ನೆ ರಾತ್ರಿ ಯಕ್ಷಗಾನದ ಆಟಕ್ಕೆ ಹೋಗಿದ್ದೆವು, ನಾನು ಮತ್ತು ಅಪ್ಪ. ಇಲ್ಲಿಂದ ಮೂರ್ನಾಲ್ಕು ಕಿಲೋಮೀಟರ್ ಆಚೆ, ಕೊಯ್ಲು ಮುಗಿದ ಗದ್ದೆಯಲ್ಲಿ ಒಬ್ಬರ ಸೇವೆಯ ಆಟ, ಪ್ರಸಂಗ ಪಂಚವಟಿ. ಪಂಚವಟಿ ಅಂದ್ರೆ ನಂಗೆ ಊಟ ಬೇಡ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು, ಎಷ್ಟು ಸಲ ನೋಡಿದ್ದೇನೆ ಅಂತ ಲೆಕ್ಕ ಇಟ್ಟವಳಲ್ಲ, ಆದ್ರೆ ನಿನ್ನೆಯದ್ದು ಬರೆದಿಡ್ಲೇಬೇಕು ಅನ್ನಿಸ್ತು.

ಸಣ್ಣದಿರುವಾಗ ನಾನು ಪಂಚವಟಿ ನೋಡ್ತಿದ್ದದ್ದು ಒಂದೇ ಒಂದು ವೇಷಕ್ಕೆ. ಹೆಣ್ಣು ಬಣ್ಣ, ಅಂದ್ರೆ ರಾಕ್ಷಸಿಯ ವೇಷ. ಶೂರ್ಪನಖಿ. ವೇಷ ಕಟ್ಟುವ ಚೌಕಿಗೆ ಸಂಜೆಯೇ ಹೋಗಿ ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡೋದನ್ನ ಬಾಯಿ ಬಿಟ್ಟು ನೋಡೋದು, ಮತ್ತೆ ಅದೇ ಮನುಷ್ಯ ಸೂಟೆಯ ಬೆಂಕಿ, ರಾಳದ ಹುಡಿ ಭಗ್ಗಂತ ಎದ್ದದ್ದರ ನಡುವೆ ಆರ್ಭಟ ಕೊಟ್ಟು ಬರುವಾಗ ಅಮ್ಮನ ಸೆರಗಿನೊಳಗೆ ನುಗ್ಗೋದು. ರಾಮ, ಸೀತೆ, ಋಷಿಗಳು ಬಂದು ಕಷ್ಟ ಹೇಳ್ಕೊಳ್ಳೋದು ಎಲ್ಲ ನಂಗೆ ನಿದ್ದೆಯ ಟೈಮು. "ಹೆಣ್ಣು ಬಣ್ಣ ಬರುವಾಗ ಏಳಿಸಿ" ಅಂತ ಹೇಳಿ ಚಾಪೆಯಲ್ಲಿ ಮಲಗಿದ್ರೆ ಆಯ್ತು. ದೊಡ್ಡವಳಾದ ಮೇಲೂ ಅಭ್ಯಾಸ ಅದೇ, ಬರೀ ಕಣ್ಣಲ್ಲಿ ನೋಡೋದು.

ನಿನ್ನೆ ಆಟೋ ಬದಿಯಡ್ಕ ರಸ್ತೆಯಿಂದ ಕೆಳಗಿಳಿದ ಮೇಲೆ ಮೂಗು ಮುಟ್ಟಿ ನೋಡ್ತೇನೆ, ಕನ್ನಡಕ ಇಲ್ಲ. (ಶೂರ್ಪನಖಿಯ ಆಟಕ್ಕೆ ಹೋಗುವಾಗ ಮೂಗು ಮುಟ್ಟಿ ನೋಡ್ಕೊಳ್ಳುವ ಗತಿ!) ನಂದು ಮೈನಸ್ ಎರಡೂವರೆ, ಮನೆಯೊಳಗೆ ಹಾಕೋದಿಲ್ಲ, ಹಾಗಾಗಿ ಹೊರಡುವ ಗಡಿಬಿಡಿಯಲ್ಲಿ ಗೊತ್ತೇ ಆಗ್ಲಿಲ್ಲ. ವಾಪಸ್ ಹೋಗುವ ಅಂದ್ರೆ ಅಪ್ಪ ಒಪ್ಪಬೇಕಲ್ಲ. "ಎಂತದ್ದು ನೋಡ್ಲಿಕ್ಕೆ ಉಂಟು ಮಗಾ, ಎಲ್ಲ ಗೊತ್ತಿದ್ದ ಕತೆಯೇ" ಅಂದ್ರು.

ಹೋಗುವಾಗ ಪ್ರಸಂಗಕ್ಕೆ ಮೊದಲಿನ ಪೂರ್ವರಂಗ ಮುಗಿದಿತ್ತು, ಕುರ್ಚಿಗಳೆಲ್ಲ ಭರ್ತಿ. ರಂಗಸ್ಥಳದ ಪಕ್ಕದಲ್ಲೇ, ಚೆಂಡೆಯವರ ಬುಡದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಖಾಲಿ. ಯಾಕೆ ಖಾಲಿ ಅಂತ ಕೂತ ಕೂಡ್ಲೇ ತಿಳೀತು ಮಾರಾಯ್ರೆ, ಚೆಂಡೆಯ ಮೊದಲ ಪೆಟ್ಟಿಗೆ ಅಪ್ಪ ಕಿವಿಯ ಮೆಷಿನ್ ತೆಗೆದು ಅಂಗಿಯ ಕಿಸೆಗೆ ಹಾಕಿದ್ರು. ಅದು ಎಲ್ಲ ಶಬ್ದವನ್ನೂ ದೊಡ್ಡದು ಮಾಡ್ತದಂತೆ, ಚೆಂಡೆ ಅಂದ್ರೆ ತಲೆಯೊಳಗೇ ಬಡಿದ ಹಾಗೆ ಆಗ್ತದಂತೆ. ಅಂದ್ರೆ ನಂಗೆ ಕಾಣೋದಿಲ್ಲ, ಅಪ್ಪನಿಗೆ ಕೇಳೋದಿಲ್ಲ. ವೇಷಗಳೆಲ್ಲ ನಂಗೆ ಕೆಂಪು ಹಸಿರು ಹಳದಿಯ ಮುದ್ದೆ, ಕಿರೀಟ ಇದ್ದರೆ ಉದ್ದ ಮುದ್ದೆ. "ಅಪ್ಪಾ, ಈಗ ಬಂದದ್ದು ಯಾರು?" ಅಂತ ಕಿವಿಯ ಹತ್ರ ಕೇಳಿದ್ರೆ ಅಪ್ಪ ತನಗೆ ಕೇಳುವಷ್ಟು ಜೋರಾಗಿ "ಲಕ್ಷ್ಮಣ!" ಅಂತ ಹೇಳೋದು, ಹಿಂದಿನ ಸಾಲಿನವರು ನಗೋದು. ಆಮೇಲೆ ಕೇಳೋದೇ ಬಿಟ್ಟೆ. ಪಕ್ಕದಲ್ಲಿ ಒಂದು ಮಲಯಾಳಿ ಸಂಸಾರ ಇತ್ತು, ಅವರ ಮಗು "ಅದಾರಾ ಅಮ್ಮೇ?" ಅಂತ ನನ್ನದೇ ಪ್ರಶ್ನೆಯನ್ನ ನಿಮಿಷಕ್ಕೊಂದು ಸಲ ಕೇಳ್ತಿತ್ತು, ಆ ಅಮ್ಮ ಹೇಳಿದ ಉತ್ತರದಲ್ಲೇ ನಾನೂ ಸುಧಾರಿಸಿದೆ.

ಮತ್ತೆ ಮಾಡ್ಲಿಕ್ಕೆ ಬೇರೆ ಕೆಲಸ ಇಲ್ಲ ಅಂತ ಕೇಳ್ಲಿಕ್ಕೆ ಶುರು ಮಾಡಿದೆ. ಇಷ್ಟು ವರ್ಷ ಪದ್ಯ ಅಂದ್ರೆ ನಂಗೆ ವೇಷ ಕುಣೀಲಿಕ್ಕೆ ಇರುವ ಒಂದು ಹಿನ್ನೆಲೆ, ಅಷ್ಟೇ. ನಿನ್ನೆ ಪದ್ಯ ಹಾಡುವ ಭಾಗವತರು, ಮದ್ದಳೆ, ಚೆಂಡೆ, ಚಕ್ರತಾಳ ಎಲ್ಲ ಕೈಗೆ ಎಟಕುವಷ್ಟು ಹತ್ತಿರ. ಮೊದಲು ಗೊತ್ತಾದದ್ದು ಚೆಂಡೆ ಎಷ್ಟು ಹೊತ್ತು ಸುಮ್ಮನಿರ್ತದೆ ಅಂತ. ನಾನು ಆಟ ಇಡೀ ಚೆಂಡೆಯೇ ಅಂದ್ಕೊಂಡಿದ್ದೆ, ಆದ್ರೆ ಸೀತೆಯ ಹತ್ರ ರಾಮ ಮಾತಾಡುವ ಪದ್ಯಗಳಿಗೆ ಬರೀ ಮದ್ದಳೆ, ಅದೂ ಬೆರಳ ತುದಿಯಲ್ಲಿ, ಚೆಂಡೆಯವರು ಕೋಲು ಕಂಕುಳಲ್ಲಿ ಇಟ್ಟು ನಿಂತಿದ್ದಾರೆ. ಭಾಮಿನಿ ಷಟ್ಪದಿಯ ಪದ್ಯ ಬಂದಾಗ ತಾಳವೂ ಇಲ್ಲ. ಎಲ್ಲ ನಿಂತು, ಒಂದು ಗಂಟಲು ಮಾತ್ರ, ಅಷ್ಟು ದೊಡ್ಡ ಗದ್ದೆಯಲ್ಲಿ. ಹಿಂದೆ ಚರುಮುರಿಯವನ ಸೌಟಿನ ಶಬ್ದ ಕೂಡ ಕೇಳ್ತಿತ್ತು.

ಆಮೇಲೆ ಹೆಣ್ಣು ಬಣ್ಣ ಬಂತು. ಬೆಂಕಿ ಒಂದು ಕೇಸರಿ ಮೋಡದ ಹಾಗೆ ಕಂಡಿತು, ಪಕ್ಕದ ಮಗು ಅಳ್ಲಿಕ್ಕೆ ಶುರು ಮಾಡ್ತು, ಪಾಪ, ನಂಗೆ ನನ್ನದೇ ನೆನಪು. ತೆರೆಯ ಹಿಂದೆ ಅವಳು ಕೂದಲು ಬಾಚೋದು, ಕನ್ನಡಿ ನೋಡೋದು, ಬೊಟ್ಟು ಇಡೋದು ಎಲ್ಲ ನಂಗೆ ಬಾಯಿಪಾಠ, ಹಾಗಾಗಿ ಕಾಣದಿದ್ರೂ ನಷ್ಟ ಇಲ್ಲ, ಮದ್ದಳೆಯಲ್ಲೇ ಬಾಚಣಿಗೆ ಸಿಕ್ಕು ಬಿಡಿಸಿದ್ದು ಕೇಳ್ತಿತ್ತು ಅಂದ್ರೆ ನೀವು ನಂಬ್ಲಿಕ್ಕಿಲ್ಲ.

ನಾನು ಹೇಳ್ಬೇಕೂಂತ ಇದ್ದದ್ದು ಅದರ ನಂತರದ್ದು. ಅವಳು ಚೆಂದದ ಹೆಂಗಸಾಗಿ ರೂಪ ಬದಲಾಯಿಸಿ ಬರ್ತಾಳಲ್ಲ, ಮಾಯಾ ಶೂರ್ಪನಖಿ. ವೇಷ ಬೇರೆ, ವೇಷಧಾರಿಯೂ ಬೇರೆ. ಇಷ್ಟು ವರ್ಷ ನಂಗೆ ಅದು ತಮಾಷೆಯ ಭಾಗ, ರಾಮ ತಮ್ಮನ ಹತ್ರ ಕಳಿಸೋದು, ತಮ್ಮ ಅಣ್ಣನ ಹತ್ರ ಕಳಿಸೋದು, ಜನ ನಗೋದು. ನಿನ್ನೆಯೂ ಜನ ನಕ್ಕರು. ಆದ್ರೆ ಭಾಗವತರು ನಗ್ಲಿಲ್ಲ ನೋಡಿ. ಸ್ವಲ್ಪ ಹೊತ್ತಿಗೆ ಮೊದಲು ಸೀತೆಗೆ ಎಂತ ಸ್ವರ ಕೊಟ್ಟಿದ್ರೋ ಇವಳಿಗೂ ಅದೇ ಸ್ವರ, ಅಷ್ಟೇ ನಿಧಾನ, ಸಾಲಿನ ಕೊನೆಗೆ ಒಂದು ಸಣ್ಣ ಎಳೆತ, ಮತ್ತೆ ಅದೇ ಸಾಲು ಇನ್ನೊಂದು ಸಲ. ರಾಕ್ಷಸಿ ಅಂತ ಒಂದು ಕಡೆಯೂ ಗೇಲಿ ಇಲ್ಲ. ಕಣ್ಣು ಮುಚ್ಚಿ ಕೇಳಿದ್ರೆ ಯಾರೋ ಒಬ್ಬ ಹೆಂಗಸು, ಗಂಡ ಸತ್ತವಳು, ಕಾಡಿನಲ್ಲಿ ಚೆಂದದ ಒಬ್ಬನನ್ನ ನೋಡಿ ಮದುವೆ ಆಗ್ತೀಯಾ ಅಂತ ಕೇಳ್ತಿದ್ದಾಳೆ. ಅಷ್ಟೇ. (ಅವಳ ಗಂಡ ವಿದ್ಯುಜ್ಜಿಹ್ವನನ್ನ ಕೊಂದದ್ದು ಅಣ್ಣ ರಾವಣನೇ, ಅದನ್ನ ವೇಷಧಾರಿ ಮಾತಿನ ನಡುವೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದರು, ಎಷ್ಟು ಜನ ಕೇಳಿಸಿಕೊಂಡ್ರೋ.) ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅವಳು ಹೋಗುವಾಗೆಲ್ಲ ಗೆಜ್ಜೆಯ ಶಬ್ದ ನನ್ನ ಎದುರಿಂದಲೇ ದಾಟ್ತದೆ, ಪ್ರತಿ ಸಲವೂ ಜಾಗಟೆ ಕೂದಲೆಳೆಯಷ್ಟು ಬೇಗ, ಮೂರನೇ ಸಲಕ್ಕೆ ಚೆಂಡೆಯವರು ಕೋಲು ಕೈಗೆ ತಗೊಂಡ್ರು, ಆಗ ನಂಗೆ ಹೊಟ್ಟೆಯಲ್ಲಿ ಒಂಥರಾ ಆಯ್ತು. ಎಂತ ಆಗ್ಲಿಕ್ಕುಂಟು ಅಂತ ಗೊತ್ತುಂಟಲ್ಲ. ಲಕ್ಷ್ಮಣ ಕತ್ತಿ ಎತ್ತಿದ್ದು ನಂಗೆ ಕಾಣ್ಲಿಲ್ಲ, ಒಂದು ಪೆಟ್ಟು ಬಿತ್ತು ಚೆಂಡೆಯಲ್ಲಿ, ಮತ್ತೆ ಆ ಕಿರುಚು.

ಜನ ಚಪ್ಪಾಳೆ ತಟ್ಟಿದ್ರು. ನಂಗೆ ಆಗ್ಲಿಲ್ಲ.

ಪಂಚವಟಿ ನಮ್ಮ ಕುಂಬಳೆಯ ಪಾರ್ತಿಸುಬ್ಬನದ್ದು, ಇಲ್ಲಿಂದ ಅಲ್ಲಿಯ ಕಣಿಪುರ ಗೋಪಾಲಕೃಷ್ಣನ ಗುಡಿಗೆ ಬಸ್ಸಲ್ಲಿ ಹೋದ್ರೆ ಎಷ್ಟು ಹೊತ್ತು ಹೇಳಿ. ಶಾಲೆಯಲ್ಲಿ ಯಕ್ಷಗಾನದ ಪಿತಾಮಹ ಅಂತ ಒಂದು ಮಾರ್ಕಿಗೆ ಬರೆದದ್ದು ಬಿಟ್ರೆ ಆ ಮನುಷ್ಯ ಹೀಗೆ ಕಟ್ಟಿದ್ದಾನೆ ಅಂತ ಯೋಚನೆಯೇ ಮಾಡಿರ್ಲಿಲ್ಲ. ಅವನು ಬರೆದದ್ದು ಪದ್ಯ ಮಾತ್ರ ಅಲ್ವಾ, ಮಾತೆಲ್ಲ ವೇಷಧಾರಿಗಳು ರಂಗದಲ್ಲೇ ಕಟ್ಟೋದು. ಅಂದ್ರೆ ನಾನು ಇಷ್ಟು ವರ್ಷ ಅವನು ಬರೆದದ್ದನ್ನೇ ಬಿಟ್ಟು ಬಾಕಿ ಎಲ್ಲ ನೋಡಿ ಬಂದದ್ದು!

ಖರ ದೂಷಣರ ಭಾಗವನ್ನ ಗಡಿಬಿಡಿಯಲ್ಲಿ ಮುಗಿಸಿದ್ರು, ಹತ್ತು ನಿಮಿಷ ಇದ್ದಿರ್ಬೇಕು. ಕಾಲಮಿತಿ ಅಲ್ವಾ, ಹನ್ನೆರಡರ ಒಳಗೆ ಮಂಗಳ ಹಾಡ್ಬೇಕು. ಅಪ್ಪನಿಗೆ ಇದು ಸರಿ ಬರೋದಿಲ್ಲ, ಅವರದ್ದೆಲ್ಲ ಬೆಳಗ್ಗಿನವರೆಗಿನ ಲೆಕ್ಕ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದಾಗ ಅಪ್ಪ ಐದನೇ ಕ್ಲಾಸು, ಆಫೀಸಿನ ಭಾಷೆ ಬದಲಾಯ್ತು, ಬಸ್ಸಿನ ಬೋರ್ಡು ಬದಲಾಯ್ತು, ಆಟ ಮಾತ್ರ ಸೂರ್ಯ ಬರುವವರೆಗೆ ಇತ್ತು ಅಂತಾರೆ. ಆಟೋದಲ್ಲಿ ಬರುವಾಗ ಹೆಸರಾಂತ ವೇಷಧಾರಿ ಶೇಣಿಯವರ ವಾಲಿ, ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಸ್ವತಃ ಕೂತು ಭಾಗವತಿಕೆ ಮಾಡ್ತಿದ್ದದ್ದು, ಎಲ್ಲ ಒಂದು ಸುತ್ತು ಬಂತು. ನಾನು ಶೂರ್ಪನಖಿಯ ಪದ್ಯದ ವಿಷಯ ಹೇಳಿದೆ, ಮೆಷಿನ್ ಇನ್ನೂ ಕಿಸೆಯಲ್ಲೇ ಇತ್ತು, ಹಾಗಾಗಿ ಆಟೋದವನಿಗೂ ಸೇರಿ ಎರಡು ಸಲ ಕೂಗಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಅದು ಹಾಡ್ಲಿಕ್ಕೆ ಕಷ್ಟ ಉಂಟು ಮಗಾ, ಸುಮಾರು ಜನ ಹಾಳು ಮಾಡ್ತಾರೆ" ಅಂದ್ರು. ಆಮೇಲೆ ಆ ಪದ್ಯವನ್ನ ಅವರೇ ಹೇಳ್ಲಿಕ್ಕೆ ಶುರು ಮಾಡಿದ್ರು, ತೊಡೆಯ ಮೇಲೆ ತಾಳ ಹಾಕ್ತಾ, ಶ್ರುತಿ ಎಲ್ಲಿಗೋ ಹೋಗಿತ್ತು, ಸಾಹಿತ್ಯ ಒಂದಕ್ಷರ ತಪ್ಪಲಿಲ್ಲ. ಅವರಿಗೆ ಇಡೀ ಪ್ರಸಂಗ ಬಾಯಿಗೆ ಬರ್ತದೆ ಅಂತ ನಂಗೆ ಗೊತ್ತಾದದ್ದು ನಿನ್ನೆ!

ಕನ್ನಡಕ ಇವತ್ತು ಬೆಳಿಗ್ಗೆ ಅಕ್ಕಿ ಡಬ್ಬಿಯ ಮೇಲೆ ಸಿಕ್ತು. ಬರುವ ಶನಿವಾರ ಮುಳ್ಳೇರಿಯಾದ ಕಡೆ ವಾಲಿವಧೆ ಉಂಟಂತೆ, ಅಪ್ಪ ಮೆಷಿನ್ನಿಗೆ ಬ್ಯಾಟರಿ ತರ್ಲಿಕ್ಕೆ ಹೇಳಿದ್ದಾರೆ, ಮತ್ತೆ ಈ ಸಲ ಚೆಂಡೆಯ ಹತ್ರ ಬೇಡ, ಭಾಗವತರ ಆಚೆ ಬದಿಯಲ್ಲಿ ಕೂತುಕೊಳ್ಳುವ ಅಂದಿದ್ದಾರೆ.