ಪಿಆರ್ ಅರ್ಜಿ ಹಾಕಿ ಐದು ತಿಂಗಳಾಯ್ತು, ಸುದ್ದಿಯೇ ಇಲ್ಲ. ಹೇಗೆ ಕಾಯೋದು?

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ (ನುರಿತ ಕೆಲಸಗಾರರನ್ನು ಅಂಕಗಳ ಮೇಲೆ ಆರಿಸುವ ವ್ಯವಸ್ಥೆ) ಪಿಆರ್‌ಗೆ, ಅಂದರೆ ಖಾಯಂ ನಿವಾಸಕ್ಕೆ, ಅರ್ಜಿ ಹಾಕಿದವರು ನನಗೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಕೂತು ಕಾಯುವವರೂ ಕೇಳುತ್ತಾರೆ, ಟೊರಾಂಟೊದಲ್ಲಿ ವರ್ಕ್ ಪರ್ಮಿಟ್ ಮೇಲೆ ದುಡಿಯುತ್ತ ಕಾಯುವವರೂ ಕೇಳುತ್ತಾರೆ.

ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಪೆಟ್ಟು ಬೀಳುವುದು ಆ ತಡದ ನಡುವೆ ಯಾವುದೋ ಗಡುವು ಮೀರಿದಾಗ, ಇಲ್ಲವೇ ಮನೆಯಲ್ಲಾದ ಬದಲಾವಣೆಯನ್ನು ಕೆನಡಾದ ವಲಸೆ ಇಲಾಖೆಗೆ ತಿಳಿಸದೆ ಬಿಟ್ಟಾಗ. ನಿಮ್ಮ ಕೈಯಲ್ಲಿರುವುದು ಇವೆರಡೇ. ಚಿಂತೆಯನ್ನೂ ಇಷ್ಟಕ್ಕೇ ಸೀಮಿತಗೊಳಿಸಿಕೊಳ್ಳಿ.

ಮೊದಲು ಲೆಕ್ಕ ಸರಿಮಾಡಿಕೊಳ್ಳಿ. ತೀರ್ಮಾನಕ್ಕೆ ಇಲಾಖೆ ಹೇಳುವ ಆರು ತಿಂಗಳು, ಅರ್ಜಿ ಹಾಕಿ ಎಂಬ ಆಹ್ವಾನ ಬಂದ ದಿನದಿಂದ ಶುರುವಾಗುವುದಿಲ್ಲ, ಪೂರ್ಣ ಅರ್ಜಿ ಅವರ ಕೈಸೇರಿದ ದಿನದಿಂದ ಶುರುವಾಗುತ್ತದೆ. ಆಹ್ವಾನ ಬಂದ ಮೇಲೆ ಅರ್ಜಿ ಸಲ್ಲಿಸಲು 60 ದಿನ ಇರುತ್ತದಲ್ಲ, ಅದನ್ನೂ ಸೇರಿಸಿ ಎಣಿಸಿ ಎಷ್ಟೋ ಜನ ಕಾರಣವಿಲ್ಲದೆ ಎರಡು ತಿಂಗಳು ಹೆಚ್ಚು ಸಂಕಟಪಡುತ್ತಾರೆ. ಇನ್ನು ಆರು ತಿಂಗಳು ಎನ್ನುವುದು ಇಲಾಖೆಯ ಗುರಿಯೇ ಹೊರತು ಭರವಸೆಯಲ್ಲ. ಹಲವು ದೇಶಗಳಲ್ಲಿ ಇದ್ದವರ, ಸೇನೆ ಅಥವಾ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರ ಹಿನ್ನೆಲೆ ಪರಿಶೀಲನೆ ಹೆಚ್ಚು ಹಿಡಿಯಬಹುದು.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಮುಗಿಯುವ ತಾರೀಖುಗಳನ್ನು ಬರೆದಿಡಿ. ವೈದ್ಯಕೀಯ ಪರೀಕ್ಷೆಗೆ 12 ತಿಂಗಳ ಆಯುಸ್ಸು. 2025ರ ಆಗಸ್ಟ್ 21ರಿಂದ ಅರ್ಜಿಗೆ ಮೊದಲೇ ಈ ಪರೀಕ್ಷೆ ಮುಗಿಸಬೇಕೆಂಬ ನಿಯಮ ಬಂದಿರುವುದರಿಂದ ಆ ಗಡಿಯಾರ ಅರ್ಜಿಗಿಂತ ಮುಂಚೆಯೇ ಓಡತೊಡಗಿರುತ್ತದೆ. ಅವಧಿ ಮುಗಿಯುತ್ತ ಬಂತೆಂದು ನೀವಾಗಿಯೇ ಮತ್ತೆ ದುಡ್ಡು ಕಟ್ಟಿ ಪರೀಕ್ಷೆ ಮಾಡಿಸಬೇಡಿ, ಇಲಾಖೆಯ ಸೂಚನೆ ಬಂದ ಮೇಲೆ ಮಾಡಿಸಿ. ಪಾಸ್‌ಪೋರ್ಟ್ ಒಂದು ವರ್ಷದೊಳಗೆ ಮುಗಿಯುವಂತಿದ್ದರೆ ಈಗಲೇ ನವೀಕರಿಸಿ, ಹೊಸ ಸಂಖ್ಯೆಯನ್ನು ಇಲಾಖೆಯ ವೆಬ್‌ಫಾರ್ಮ್ ಮೂಲಕ ತಿಳಿಸಿ. ಕೊನೆಯಲ್ಲಿ ಸಿಗುವ ಸಿಒಪಿಆರ್ (ಪಿಆರ್ ದೃಢೀಕರಣ) ಪತ್ರದ ಅವಧಿಯನ್ನು ಸಾಮಾನ್ಯವಾಗಿ ಪಾಸ್‌ಪೋರ್ಟ್ ಮತ್ತು ವೈದ್ಯಕೀಯ ಪರೀಕ್ಷೆ, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದಕ್ಕೆ ಕಟ್ಟಿರುತ್ತಾರೆ.

ಊರಿನಿಂದಲೇ ಎಕ್ಸ್‌ಪ್ರೆಸ್ ಎಂಟ್ರಿಯ ಫೆಡರಲ್ ಸ್ಕಿಲ್ಡ್ ವರ್ಕರ್ ವಿಭಾಗದಲ್ಲಿ ಹಾಕಿದವರು ಬ್ಯಾಂಕ್ ಖಾತೆಯನ್ನೂ ನೋಡಿಕೊಳ್ಳಬೇಕು. ಅಲ್ಲಿ ನೆಲೆಯೂರಲು ಸಾಕೆಂದು ಅರ್ಜಿಯ ದಿನ ತೋರಿಸಿದ ಹಣ ವೀಸಾ ಕೊಡುವ ದಿನವೂ ಇರಬೇಕು. ತಂಗಿಯ ಮದುವೆಗೆಂದು ನಡುವೆ ಎಫ್‌ಡಿ ಮುರಿದರೆ, ಮತ್ತೆ ಬ್ಯಾಂಕ್ ಪತ್ರ ಕೇಳಿದಾಗ ಆರು ತಿಂಗಳ ಸರಾಸರಿ ಕುಸಿದಿರುತ್ತದೆ. ಸೈಟು, ಮನೆ ಲೆಕ್ಕಕ್ಕೆ ಬರುವುದಿಲ್ಲ. ಸಾಲ ತಂದು ತುಂಬಿಸಿದ ಹಣವೂ ನಡೆಯುವುದಿಲ್ಲ.

ಕೆನಡಾದೊಳಗೆ ಇರುವವರಿಗೆ ಎಲ್ಲಕ್ಕಿಂತ ಮುಖ್ಯವಾದುದು ವರ್ಕ್ ಪರ್ಮಿಟ್ಟಿನ ಕೊನೆಯ ದಿನ. ಅದು ಮುಗಿಯುವ ಮುನ್ನವೇ, ಪಿಆರ್ ಅರ್ಜಿಯ ಸ್ವೀಕೃತಿ ಪತ್ರ ಲಗತ್ತಿಸಿ ಬ್ರಿಡ್ಜಿಂಗ್ ಓಪನ್ ವರ್ಕ್ ಪರ್ಮಿಟ್‌ಗೆ (ಪಿಆರ್ ತೀರ್ಮಾನದವರೆಗಿನ ನಡುವಣ ಕೆಲಸದ ಪರವಾನಗಿ) ಅರ್ಜಿ ಹಾಕಿದರೆ, ತೀರ್ಮಾನ ಬರುವತನಕ ಕೆಲಸ ಮುಂದುವರಿಸಬಹುದು. ಒಂದು ದಿನ ತಡವಾದರೂ ಆ ಹಕ್ಕು ಇಲ್ಲ. ಹೀಗೆ ಕಾಯುತ್ತಿರುವಾಗ ಊರಿಗೆ ಹೋಗಿಬರಲು ಟಿಕೆಟ್ ಮಾಡಿಸುವ ಮುನ್ನ ಪರವಾನಗಿ ಇರುವ ಸಲಹೆಗಾರರನ್ನು ಕೇಳಿ. ದೇಶ ಬಿಟ್ಟರೆ ಮರಳಿ ಬಂದು ಅದೇ ಕೆಲಸಕ್ಕೆ ಸೇರುವುದು ಕಷ್ಟವಾಗಬಹುದು.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಕಾಯುವಾಗ ಮದುವೆಯಾದರೆ, ಮಗು ಹುಟ್ಟಿದರೆ, ವಿಚ್ಛೇದನವಾದರೆ ಕೂಡಲೇ ತಿಳಿಸಿ. ‘ಈಗ ಹೇಳಿದರೆ ಫೈಲು ನಿಧಾನವಾಗುತ್ತದೆ, ಅಲ್ಲಿಗೆ ಹೋದ ಮೇಲೆ ಹೆಂಡತಿ ಮಗುವನ್ನು ಕರೆಸಿಕೊಂಡರಾಯಿತು’ ಎಂಬ ಸಲಹೆ ನೆಂಟರಿಂದ, ಏಜೆಂಟರಿಂದ ಬಂದೇ ಬರುತ್ತದೆ. ಕಿವಿಗೆ ಹಾಕಿಕೊಳ್ಳಬೇಡಿ. ಪಿಆರ್ ಆಗುವ ಮುನ್ನ ಹೆಸರು ಹೇಳದೆ, ಪರೀಕ್ಷೆಗೆ ಒಳಪಡಿಸದೆ ಬಿಟ್ಟ ಸಂಗಾತಿಯನ್ನೋ ಮಗುವನ್ನೋ ಮುಂದೆ ಸ್ಪಾನ್ಸರ್ ಮಾಡುವ ದಾರಿಯೇ ಮುಚ್ಚಿಹೋಗಬಹುದು. ಬೇಕೆಂದೇ ಮುಚ್ಚಿಟ್ಟದ್ದು ಎಂದು ತೀರ್ಮಾನವಾದರೆ ಐದು ವರ್ಷದ ನಿಷೇಧವೂ ಇದೆ. ತಿಳಿಸಿದರೆ ಆಗುವ ನಷ್ಟ ಕೆಲವು ತಿಂಗಳು ಅಷ್ಟೇ. ಮಗು ಹುಟ್ಟಿದರೆ 21 ದಿನದೊಳಗೆ ಜನನ ನೋಂದಾಯಿಸಿ, ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಸೇರಿಸಿಸಿ. ಹೆಸರಿನ ಜಾಗ ಖಾಲಿಯಿದ್ದರೆ ಪಾಸ್‌ಪೋರ್ಟಿಗೆ ಹೋದಾಗ ಮತ್ತೆ ಅಲೆಯಬೇಕಾಗುತ್ತದೆ.

ಹೆಸರೆಂದಾಗ ನಮ್ಮವರಿಗೆ ವಿಶೇಷವಾಗಿ ಕಾಡುವ ತೊಡಕೊಂದಿದೆ, ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ ಎಸ್’, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದದ್ದು, ಕಂಪನಿಯ ಪತ್ರದಲ್ಲಿ ಬರೀ ‘ಮಂಜುನಾಥ್’. ಅಲ್ಲಿನ ಅಧಿಕಾರಿಯ ಕಣ್ಣಿಗೆ ಇವರು ಮೂರು ಜನ. ಅಂಥವರು ಕಾಯುವ ಸಮಯದಲ್ಲೇ ಈ ಎಲ್ಲ ಹೆಸರುಗಳೂ ಒಬ್ಬನದೇ ಎಂಬ ಅಫಿಡವಿಟ್ ನೋಟರಿಯಿಂದ ಮಾಡಿಸಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ, ಕೆನಡಾದ ಫಾರ್ಮಿನಲ್ಲಿ ಇಡೀ ಹೆಸರನ್ನು ಕುಟುಂಬದ ಹೆಸರಿನ ಜಾಗದಲ್ಲಿ ಬರೆದು ಇನ್ನೊಂದನ್ನು ಖಾಲಿ ಬಿಡಬೇಕು. ಇದು ತಿರುವುಮುರುವಾಗಿದೆಯೇ ಎಂದು ನಿಮ್ಮ ಪ್ರತಿಯನ್ನು ಇವತ್ತೇ ತೆಗೆದು ನೋಡಿ.

ಅರ್ಜಿಯ ಆನ್‌ಲೈನ್ ಅಕೌಂಟನ್ನು ದಿನಕ್ಕೆ ಹತ್ತು ಸಲ ತೆರೆಯುವುದರಿಂದ ನಿದ್ದೆ ಹಾಳಾಗುತ್ತದೆ, ಫೈಲು ಕದಲುವುದಿಲ್ಲ. ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಳ್ಳಿ, ಸೋಮವಾರ ಮತ್ತು ಗುರುವಾರ ಎಂದಿಟ್ಟುಕೊಳ್ಳಿ. ಹೆಚ್ಚುವರಿ ದಾಖಲೆ ಕೇಳುವ ಪತ್ರಗಳಲ್ಲಿ ಕೆಲವಕ್ಕೆ 7 ದಿನದ ಗಡುವಷ್ಟೇ ಇರುವುದರಿಂದ ಇದಕ್ಕಿಂತ ಕಡಿಮೆ ಬೇಡ. ಸ್ಪ್ಯಾಮ್ ಫೋಲ್ಡರನ್ನೂ ಅದೇ ದಿನ ನೋಡಿ. ಏಜೆಂಟ್ ಮೂಲಕ ಹಾಕಿದ್ದರೆ ಇಲಾಖೆಯ ಪತ್ರ ಹೋಗುವುದು ಅವರ ಖಾತೆಗೆ, ಹಾಗಾಗಿ ಅದೇ ಎರಡು ದಿನ ಅವರಿಗೆ ಫೋನ್ ಮಾಡಿ. ವಾಟ್ಸಾಪ್ ಗುಂಪುಗಳಲ್ಲಿ ‘ನಿಮ್ಮ ನಂತರ ಹಾಕಿದವರಿಗೆ ಬಂತು’ ಎಂಬ ಸಂದೇಶಗಳನ್ನು ಮ್ಯೂಟ್ ಮಾಡಿ. ಅವರ ವಿಭಾಗ, ಅವರ ಪ್ರಯಾಣದ ಇತಿಹಾಸ, ಅವರ ಕುಟುಂಬ ಬೇರೆ. ಮನೆಯವರು ‘ಇನ್ನೂ ಬರ್ಲಿಲ್ವೇನಪ್ಪಾ?’ ಎಂದು ದಿನಾ ಕೇಳುತ್ತಿದ್ದರೆ ಒಂದು ಗಡುವು ಹೇಳಿಬಿಡಿ: ‘ದೀಪಾವಳಿ ಕಳೆಯುವವರೆಗೆ ಕೇಳ್ಬೇಡಿ ಅಮ್ಮ, ಬಂದ ದಿನ ಮೊದಲು ನಿಮಗೇ ಹೇಳ್ತೀನಿ.’ ಅವರಿಗೂ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ.

ಆರು ತಿಂಗಳು ದಾಟಿದರೆ ವೆಬ್‌ಫಾರ್ಮಿನಲ್ಲಿ ಒಮ್ಮೆ ವಿಚಾರಿಸಿ. ವಾರವಾರವೂ ಕಳಿಸಿದರೆ ಲಾಭವಿಲ್ಲ. ಉತ್ತರ ತೃಪ್ತಿಯಾಗದಿದ್ದರೆ ಜಿಸಿಎಂಎಸ್ ನೋಟ್ಸ್ (ನಿಮ್ಮ ಫೈಲಿನ ಬಗ್ಗೆ ಇಲಾಖೆಯ ಒಳಗಿನ ಟಿಪ್ಪಣಿಗಳು) ತರಿಸಿಕೊಳ್ಳಿ. ಅರ್ಹತೆ ಪಾಸಾಗಿದೆಯೇ, ಫೈಲು ಭದ್ರತಾ ಪರಿಶೀಲನೆಯಲ್ಲಿ ನಿಂತಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಅರ್ಹತೆ ಮುಗಿದು ಭದ್ರತೆಯಷ್ಟೇ ಬಾಕಿಯಿದ್ದರೆ ನೀವು ಕಳಿಸಬೇಕಾದ ಕಾಗದ ಹೆಚ್ಚೇನೂ ಇರುವುದಿಲ್ಲ.

ಕೆಲಸಕ್ಕೆ ರಾಜೀನಾಮೆ, ಮನೆ ಮಾರಾಟ, ಮಕ್ಕಳ ಶಾಲೆಯ ಟಿಸಿ, ಇವ್ಯಾವುವೂ ಪಾಸ್‌ಪೋರ್ಟ್ ಕೇಳುವ ಪತ್ರ ಬಂದಾಗ ಅಲ್ಲ, ಸಿಒಪಿಆರ್ ಕೈಗೆ ಬಂದು, ಹೆಸರು, ಹುಟ್ಟಿದ ದಿನ, ಕೊನೆಯ ತಾರೀಖು ಮೂರನ್ನೂ ಓದಿ ನೋಡಿದ ಮೇಲೆ. ಅಲ್ಲಿಯವರೆಗೆ ಮಗುವನ್ನು ಮುಂದಿನ ತರಗತಿಗೆ ಸೇರಿಸಿ, ಫೀಸು ಕಟ್ಟಿ.